ಬೆಕ್ಕಿನ ನಿದ್ದೆ

ವಾಚನಾಲಯದ ಮೇಜಿನ ಮೇಲಿನ ಪ್ರಶ್ನೆಗಳ ವಹಿಯಲ್ಲಿ ಬೀದರ ಕಡೆಯ ಓದುಗರೊಬ್ಬರು ಈ ಸಲ ಹೀಗೆ ಬರೆದಿದ್ದಾರೆ: “ನಮ್ಮ ಖೋಲಿಯಲ್ಲಿ ನಾಲ್ಕು ಜನ ಇದ್ದೇವೆ, ಒಂದು ಬೆಕ್ಕು ಇದೆ. ಹಗಲೆಲ್ಲ ಅದು ನನ್ನ ಕೌದಿಯ ಮೇಲೆ ಬಿದ್ದುಕೊಂಡಿರುತ್ತದೆ. ನಸುಕಿನ ನಾಲ್ಕಕ್ಕೆ ಎದ್ದು ಎಲ್ಲರನ್ನೂ ಎಬ್ಬಿಸುತ್ತದೆ. ಇದು ರೋಗವೊ ಸೋಮಾರಿತನವೊ? ಉಳಿದವರು ಅದನ್ನು ಚೀಲದಲ್ಲಿ ಹಾಕಿ ಮೂಸಿ ನದಿಯ ಆಚೆ ಬಿಟ್ಟು ಬರೋಣ ಎನ್ನುತ್ತಾರೆ. ಏನು ಮಾಡಬೇಕು?”

ಚೀಲವನ್ನು ಸದ್ಯಕ್ಕೆ ಗೂಟಕ್ಕೆ ತೂಗುಹಾಕಿ ಈ ಪಾಠವನ್ನು ಓದಬೇಕೆಂದು ಖೋಲಿಯ ನಾಲ್ವರಲ್ಲಿಯೂ ನಮ್ಮ ವಿನಂತಿ. ನಾವು ಪಶುವೈದ್ಯರಲ್ಲ, ಬೇಳೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವರು. ಆದರೆ ಕಾಳಿನ ಗೋದಾಮು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಹೀಗಾಗಿ ಹನ್ನೆರಡು ವರ್ಷಗಳಿಂದ ನಮ್ಮ ದುಡಿಮೆ ಬೆಕ್ಕುಗಳ ನಡುವೆಯೇ ನಡೆದಿದೆ. ಕಣ್ಣಾರೆ ಕಂಡದ್ದನ್ನು, ಪುಸ್ತಕಗಳಲ್ಲಿ ಓದಿದ್ದರೊಡನೆ ತಾಳೆ ನೋಡಿ ಇಲ್ಲಿ ಬರೆದಿದ್ದೇವೆ.

ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡುತ್ತೇವೆ. ಅದು ರೋಗವೂ ಅಲ್ಲ, ಸೋಮಾರಿತನವೂ ಅಲ್ಲ. ಆರೋಗ್ಯವಾಗಿರುವ ಬೆಳೆದ ಬೆಕ್ಕು ದಿನದ 24 ಗಂಟೆಗಳಲ್ಲಿ 12ರಿಂದ 16 ಗಂಟೆ ನಿದ್ದೆ ಮಾಡುತ್ತದೆ. ಮರಿಗಳೂ ಮುದಿ ಬೆಕ್ಕುಗಳೂ ಅದಕ್ಕಿಂತ ಹೆಚ್ಚು. ಆದರೆ ಈ ನಿದ್ದೆ ನಮ್ಮ ನಿದ್ದೆಯಂತೆ ಒಂದೇ ಗಂಟಲ್ಲ, ಚಿಲ್ಲರೆ ನಿದ್ದೆ. ಹತ್ತು ನಿಮಿಷ, ಅರ್ಧ ಗಂಟೆ, ಒಂದೊಂದು ಸಲ ಒಂದೆರಡು ಗಂಟೆ, ಹೀಗೆ ಹಗಲೂ ರಾತ್ರಿಯೂ ತುಂಡುತುಂಡಾಗಿ ಹಂಚಿಹೋಗಿರುತ್ತದೆ. ಮೇಲಾಗಿ ಅದರಲ್ಲಿ ಬಹುಪಾಲು ಬರಿಯ ಜೊಂಪು. ಕಣ್ಣು ಮುಚ್ಚಿರುತ್ತದೆ, ಕಿವಿ ಮಾತ್ರ ಕೆಲಸದಲ್ಲಿರುತ್ತದೆ. ಗೋದಾಮಿನ ಮೂಲೆಯಲ್ಲಿ ಚೀಲದ ಸಂದಿನಿಂದ ಸಣ್ಣ ಸಪ್ಪಳ ಬರಲಿ, ಮಲಗಿದ್ದ ಬೆಕ್ಕಿನ ಒಂದು ಕಿವಿ ಆ ಕಡೆ ತಿರುಗುವುದನ್ನು ನಾವು ಎಷ್ಟೋ ಸಲ ನೋಡಿದ್ದೇವೆ. ಮೈ ಅಲುಗುವುದಿಲ್ಲ, ಕಣ್ಣು ತೆರೆಯುವುದಿಲ್ಲ. ಸಪ್ಪಳ ಇಲಿಯದಲ್ಲ ಎಂದು ಖಾತ್ರಿಯಾದರೆ ಕಿವಿ ಮೊದಲಿನಂತೆ ಹಿಂದಕ್ಕೆ ಬರುತ್ತದೆ. ಎಚ್ಚರದ ನಿದ್ದೆಗೆ ಹಿರಿಯರು ಶ್ವಾನನಿದ್ರೆ ಎಂದು ಹೆಸರಿಟ್ಟರು. ನಮ್ಮನ್ನು ಕೇಳಿದ್ದರೆ ಆ ಪದವಿಯನ್ನು ಬೆಕ್ಕಿಗೇ ಕೊಡುತ್ತಿದ್ದೆವು.

ಇಷ್ಟು ನಿದ್ದೆ ಯಾತಕ್ಕೆ? ಇದಕ್ಕೆ ಅದರ ಊಟದ ರೀತಿಯನ್ನು ನೋಡಬೇಕು. ಎಮ್ಮೆಯೂ ಆಕಳೂ ಹುಲ್ಲು ತಿನ್ನುವ ಪ್ರಾಣಿಗಳು. ಹುಲ್ಲಿನಲ್ಲಿ ಸತ್ವ ಕಡಿಮೆ, ಆದುದರಿಂದ ದಿನದ ಬಹುಭಾಗ ಮೇಯುತ್ತಲೂ ಮೆಲುಕು ಹಾಕುತ್ತಲೂ ಇರಬೇಕಾಗುತ್ತದೆ. ಆಕಳಿನ ನಿದ್ದೆ ದಿನಕ್ಕೆ ಸುಮಾರು ನಾಲ್ಕು ಗಂಟೆ. ಕಾಡಾನೆಯದಂತೂ ಎರಡೇ ಗಂಟೆ ಎಂದು ಆಫ್ರಿಕದಲ್ಲಿ ಅಳೆದು ನೋಡಿದ್ದಾರೆ. ಬೆಕ್ಕಿನ ಊಟ ಮಾಂಸ. ಗಾತ್ರದಲ್ಲಿ ಚಿಕ್ಕದು, ಸತ್ವದಲ್ಲಿ ದೊಡ್ಡದು. ತಿನ್ನುವುದಕ್ಕೆ ಹೊತ್ತು ಹಿಡಿಯುವುದಿಲ್ಲ, ಹಿಡಿಯುವುದಕ್ಕೆ ಮಾತ್ರ ಬಹಳ ಶ್ರಮ. ಬೇರೆ ಏನೂ ಸಿಗದೆ ಸುಂಡಿಲಿಗಳಿಂದಲೇ ಹೊಟ್ಟೆ ಹೊರೆಯಬೇಕಾದರೆ ಒಂದು ಬೆಕ್ಕಿಗೆ ದಿನಕ್ಕೆ ಎಂಟು ಹತ್ತು ಬೇಕು. ಹಾರಿದ ಪ್ರತಿಸಲವೂ ಇಲಿ ಸಿಗುವುದಿಲ್ಲ. ಉಸಿರು ಬಿಗಿಹಿಡಿದು ಕಾಯುವುದು, ಹೊಟ್ಟೆ ನೆಲಕ್ಕೆ ತಾಗಿಸಿ ಸರಿಯುವುದು, ಮೈಯ ಬಲವನ್ನೆಲ್ಲ ಒಂದೇ ನೆಗೆತಕ್ಕೆ ಸುರಿಯುವುದು, ಇದನ್ನು ದಿನಕ್ಕೆ ಹತ್ತಾರು ಸಲ ಮಾಡಬೇಕಾದ ಪ್ರಾಣಿ ನಡುವಿನ ಹೊತ್ತಿನಲ್ಲಿ ಕಾಲು ಚಾಚದೆ ಇನ್ನೇನು ಮಾಡೀತು? ಹಮಾಲರು ಲಾರಿ ತುಂಬಿ ಮುಗಿಸಿ ಚೀಲಗಳ ಮೇಲೆ ಒರಗುವುದನ್ನು ಕಂಡು ಯಾರೂ ಅವರನ್ನು ಸೋಮಾರಿಗಳೆನ್ನುವುದಿಲ್ಲ, ಎನ್ನಲೂ ಬಾರದು.

ನಿಮ್ಮ ಖೋಲಿಯ ಬೆಕ್ಕಿಗೆ ಹಾಲನ್ನ ಕುಳಿತಲ್ಲಿಯೇ ಸಿಗುತ್ತದೆ, ಅದೇಕೆ ಮಲಗಬೇಕು ಎಂದು ಕೇಳಬಹುದು. ಊಟ ಬದಲಾಯಿತೇ ಹೊರತು ಮೈ ಬದಲಾಗಲಿಲ್ಲ. ಮನೆಯ ಬೆಕ್ಕು ಪಶ್ಚಿಮ ಏಷ್ಯ ಮತ್ತು ಉತ್ತರ ಆಫ್ರಿಕದ ಕಾಡುಬೆಕ್ಕಿನ ವಂಶದ್ದೆಂಬುದು ರಕ್ತಪರೀಕ್ಷೆಯಂಥ ಅನುವಂಶಿಕ ಪರೀಕ್ಷೆಗಳಿಂದ ಸಿದ್ಧವಾಗಿದೆ. ಮನುಷ್ಯನು ಒಕ್ಕಲುತನ ಕಲಿತು ಕಾಳು ಕೂಡಿಡಲು ತೊಡಗಿದಾಗ ಇಲಿಗಳು ಬಂದವು, ಇಲಿಗಳ ಹಿಂದೆ ಈ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲಿ ಬೆಕ್ಕನ್ನು ಹೂಳಿದ ಸುಮಾರು 9,500 ವರ್ಷಗಳ ಹಿಂದಿನ ಸಮಾಧಿಯೊಂದು ದೊರೆತ ಸುದ್ದಿ 2004ರಲ್ಲಿ ಪ್ರಕಟವಾಯಿತು. ಎಂದರೆ ನಮ್ಮ ಗೋದಾಮಿನ ನೌಕರಿ ಬೆಕ್ಕಿಗೆ ಹೊಸದಲ್ಲ. ನಾಯಿಯನ್ನು ಮನುಷ್ಯ ತಿದ್ದಿದಷ್ಟು ಬೆಕ್ಕನ್ನು ತಿದ್ದಲಿಲ್ಲ. ತಿದ್ದುವ ಅಗತ್ಯವೂ ಬೀಳಲಿಲ್ಲ. ಇಲಿ ಹಿಡಿಯುವುದಕ್ಕೆ ಅದು ಇದ್ದ ಹಾಗೆಯೇ ಸಾಕಾಗಿತ್ತು. ಬಹಾದುರಪುರದಲ್ಲಿ 1963ರಲ್ಲಿ ತೆರೆದ ನೆಹರೂ ಪ್ರಾಣಿಸಂಗ್ರಹಾಲಯಕ್ಕೆ ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋದವರು ಗಮನಿಸಿರಬಹುದು. ಮಧ್ಯಾಹ್ನದ ಹೊತ್ತಿಗೆ ಹುಲಿಯೂ ಮಲಗಿದೆ, ಸಿಂಹವೂ ಮಲಗಿದೆ. ಹುಡುಗರು ಕೂಗಿ ಎಬ್ಬಿಸಲು ನೋಡುತ್ತಾರೆ. ಅದು ಆ ಮನೆತನದ ಪದ್ಧತಿ ಎಂದು ಅವರಿಗೆ ತಿಳಿಸಿ ಹೇಳುವುದು ಒಳ್ಳೆಯದು.

ಇನ್ನು ನಸುಕಿನ ನಾಲ್ಕು ಗಂಟೆಯ ಸಂಗತಿ. ಬೆಕ್ಕು ರಾತ್ರಿಯ ಪ್ರಾಣಿ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವಾದರೂ ಅದು ಪೂರ್ತಿ ಸರಿಯಲ್ಲ. ಅದರ ಚುರುಕು ಹೆಚ್ಚುವುದು ಎರಡು ಸಂಧ್ಯಾಕಾಲಗಳಲ್ಲಿ: ದೀಪ ಹಚ್ಚುವ ಹೊತ್ತು, ಮತ್ತು ಬೆಳಕು ಹರಿಯುವುದಕ್ಕೆ ಮುಂಚಿನ ಹೊತ್ತು. ಇಲಿ ಹೆಗ್ಗಣಗಳು ಬಿಲ ಬಿಟ್ಟು ಓಡಾಡುವ ವೇಳೆ ಅದು. ನಮಗೆ ಬೇಕಾಗುವ ಬೆಳಕಿನ ಆರನೆಯ ಒಂದು ಪಾಲು ಇದ್ದರೆ ಬೆಕ್ಕಿಗೆ ಕಾಣುತ್ತದೆ. ಅದರ ಕಣ್ಣಿನ ಹಿಂಬದಿಯಲ್ಲಿ ಕನ್ನಡಿಯಂಥ ಪದರವೊಂದಿದ್ದು, ಒಳಹೊಕ್ಕ ಬೆಳಕನ್ನು ಮತ್ತೊಮ್ಮೆ ತಿರುಗಿಸಿ ಕೊಡುತ್ತದೆ. ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆಯುವುದು ಇದರಿಂದಲೇ. ಆದುದರಿಂದ ನಾಲ್ಕು ಗಂಟೆಗೆ ನಿಮ್ಮ ಬೆಕ್ಕು ಏಳುವುದು ನಿಮ್ಮ ಮೇಲಿನ ಹಗೆಯಿಂದಲ್ಲ. ಅದರ ಪಾಳಿಯ ಸೈರನ್ ಆ ಹೊತ್ತಿಗೆ ಆಗುತ್ತದೆ, ಅಷ್ಟೆ. ಪಾಳಿಯ ಕೆಲಸ ಎಂದರೇನೆಂದು ನಮ್ಮ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ.

ಬೆಕ್ಕಿನ ನಿದ್ದೆಯ ಒಳಗೆ ಏನು ನಡೆಯುತ್ತದೆ ಎಂಬುದು ಇನ್ನೂ ಸ್ವಾರಸ್ಯವಾದ ವಿಷಯ. ಮನುಷ್ಯನ ನಿದ್ದೆಯ ವಿಷಯವಾಗಿ ಇಂದು ವೈದ್ಯರು ತಿಳಿದಿರುವುದರಲ್ಲಿ ದೊಡ್ಡ ಪಾಲು ಬೆಕ್ಕಿನಿಂದ ಬಂದದ್ದೆಂಬುದು ಬಹಳ ಜನರಿಗೆ ಗೊತ್ತಿಲ್ಲ. 1953ರಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೀಟ್‌ಮನ್ ಎಂಬಿಬ್ಬರು, ಮಲಗಿದವರ ಕಣ್ಣುಗುಡ್ಡೆಗಳು ರೆಪ್ಪೆಯ ಒಳಗೇ ಆಗಾಗ ವೇಗವಾಗಿ ಓಡಾಡುವುದನ್ನು ಕಂಡುಹಿಡಿದರು. ಆ ಹೊತ್ತಿನಲ್ಲಿ ಎಬ್ಬಿಸಿ ಕೇಳಿದರೆ ಜನ ಕನಸು ಕಾಣುತ್ತಿದ್ದೆವೆಂದು ಹೇಳಿದರು. ಇದೇ ಬಗೆಯ ನಿದ್ದೆ ಬೆಕ್ಕಿಗೂ ಉಂಟೆಂದು 1958ರಲ್ಲಿ ಡೆಮೆಂಟ್ ಎಂಬ ಶಾಸ್ತ್ರಜ್ಞರು ತೋರಿಸಿದರು. ಮರುವರ್ಷ ಫ್ರಾನ್ಸಿನ ಲಿಯೋನ್ ನಗರದ ಮಿಷೆಲ್ ಝುವೆ ಎಂಬ ವೈದ್ಯರು ಬೆಕ್ಕುಗಳ ಮಿದುಳಿನ ವಿದ್ಯುತ್ತನ್ನು ಅಳೆಯುತ್ತಿದ್ದಾಗ ಒಂದು ವಿಚಿತ್ರವನ್ನು ಕಂಡರು. ಮಿದುಳಿನ ಗೀಟುಗಳನ್ನು ನೋಡಿದರೆ ಬೆಕ್ಕು ಎಚ್ಚರವಾಗಿದೆ ಎನ್ನಬೇಕು. ಮೈಯನ್ನು ನೋಡಿದರೆ ಕತ್ತಿನ ಸ್ನಾಯುಗಳು ಕೂಡ ಸಡಿಲವಾಗಿ ಹತ್ತಿಯ ಮೂಟೆಯಂತೆ ಬಿದ್ದಿದೆ. ಒಳಗೊಂದು ಹೊರಗೊಂದು ಆದ ಈ ನಿದ್ದೆಗೆ ಅವರು ವಿರೋಧಾಭಾಸದ ನಿದ್ದೆ ಎಂದು ಹೆಸರಿಟ್ಟರು. ನಾವಿಲ್ಲಿ ಕನಸಿನ ನಿದ್ದೆ ಎನ್ನೋಣ.

ಇದನ್ನು ನೋಡಲು ಯಂತ್ರವೇನೂ ಬೇಡ. ಖೋಲಿಯ ಬೆಕ್ಕನ್ನು ಒಂದು ಭಾನುವಾರ ಮಧ್ಯಾಹ್ನ ಸುಮ್ಮನೆ ಕುಳಿತು ನೋಡಿದರೆ ಸಾಕು. ಮೊದಲು ಅದು ನಾಲ್ಕೂ ಕಾಲುಗಳನ್ನು ಮೈಯ ಕೆಳಗೆ ಮಡಚಿ, ತಲೆಯನ್ನು ಎತ್ತಿಕೊಂಡೇ ಕಣ್ಣು ಮುಚ್ಚುತ್ತದೆ. ಇದು ಮೊದಲ ಹಂತದ ನಿದ್ದೆ. ಸ್ನಾಯುಗಳಲ್ಲಿ ಇನ್ನೂ ಬಿಗುವಿರುವುದರಿಂದ ತಲೆ ನಿಲ್ಲುತ್ತದೆ. ಸ್ವಲ್ಪ ಹೊತ್ತಾದ ಮೇಲೆ, ಅದಕ್ಕೆ ಧೈರ್ಯವಿದ್ದರೆ, ತಲೆ ಮೆಲ್ಲಗೆ ಇಳಿಯುತ್ತದೆ. ಮೈ ಒಂದು ಮಗ್ಗುಲಿಗೆ ಹೊರಳುತ್ತದೆ. ಆಮೇಲೆ ಮೀಸೆ ಅದುರುತ್ತದೆ, ಪಂಜದ ಬೆರಳುಗಳು ಸೆಳೆಯುತ್ತವೆ, ಬಾಲದ ತುದಿ ಮಿಡುಕುತ್ತದೆ, ರೆಪ್ಪೆಯ ಒಳಗೆ ಕಣ್ಣು ಹೊರಳಾಡುತ್ತದೆ. ಇದೇ ಕನಸಿನ ನಿದ್ದೆ. ಐದಾರು ನಿಮಿಷ ಇದ್ದು ಹೋಗುತ್ತದೆ, ಮತ್ತೆ ಬರುತ್ತದೆ. ಬೆಕ್ಕಿಗೆ ಫಿಟ್ಸ್ ಬಂತೆಂದು ಹೆದರಿ ಈ ಹೊತ್ತಿನಲ್ಲಿ ನೀರು ಚಿಮುಕಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಬ್ಬಿಸಲೇಬೇಕಾದರೆ ದೂರದಿಂದ ಹೆಸರು ಹಿಡಿದು ಕರೆಯಿರಿ. ಒಮ್ಮೆಲೇ ಮುಟ್ಟಿದರೆ ಗಾಬರಿಯಿಂದ ಪರಚೀತು.

ಆ ಹೊತ್ತಿನಲ್ಲಿ ಬೆಕ್ಕು ಏನು ಕನಸು ಕಾಣುತ್ತದೆ? ಬೆಕ್ಕು ಹೇಳಲಾರದು. ಆದರೆ ಝುವೆಯವರು 1960ರ ದಶಕದಲ್ಲಿ ಮಾಡಿದ ಪ್ರಯೋಗಗಳಲ್ಲಿ ಸ್ವಲ್ಪ ಸುಳುಹು ಸಿಕ್ಕಿತು. ಕನಸಿನ ಹೊತ್ತಿನಲ್ಲಿ ಮೈಯನ್ನು ಕಟ್ಟಿಹಾಕುವ ಒಂದು ಚಿಕ್ಕ ಜಾಗ ಮಿದುಳಿನ ಬುಡದಲ್ಲಿದೆ. ಅದಕ್ಕೆ ಗಾಯಮಾಡಿದಾಗ, ಬೆಕ್ಕುಗಳು ನಿದ್ದೆಯಲ್ಲಿಯೇ ಎದ್ದು ನಿಂತವು. ಇಲ್ಲದ ಇಲಿಯನ್ನು ಹೊಂಚಿದವು, ಇಲ್ಲದ ಶತ್ರುವಿಗೆ ಬೆನ್ನು ಉಬ್ಬಿಸಿ ಪಂಜ ಎತ್ತಿದವು. ಎದುರಿಗೆ ನಿಜವಾದ ಇಲಿ ಇಟ್ಟರೂ ಅವಕ್ಕೆ ಅದು ಕಾಣದು. ಮೂಕಪ್ರಾಣಿಗಳನ್ನು ಹೀಗೆ ಕೊಯ್ದು ನೋಡುವುದು ನಮ್ಮ ಮನಸ್ಸಿಗೆ ಒಗ್ಗುವ ಮಾತಲ್ಲ. ಆದರೂ ಆ ಬೆಕ್ಕುಗಳ ಋಣ ಮನುಷ್ಯರ ಮೇಲಿದೆ ಎಂಬುದನ್ನು ಮರೆಯಲಾಗದು. ಏಕೆಂದರೆ 1986ರಲ್ಲಿ ಅಮೆರಿಕದ ಮಿನ್ನೆಸೋಟದ ಷೆಂಕ್ ಮತ್ತು ಮಾಹೋವಾಲ್ಡ್ ಎಂಬ ವೈದ್ಯರು, ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಒದೆಯುವ, ಹೊಡೆಯುವ, ಮಂಚದಿಂದ ಹಾರುವ ಮನುಷ್ಯರ ರೋಗವನ್ನು ವಿವರಿಸಿದಾಗ, ಅದು ಏನೆಂದು ಹೇಳಲು ಬೆಕ್ಕಿನ ಪಾಠವೇ ದಾರಿ ತೋರಿತು. ಐವತ್ತು ದಾಟಿದ ಗಂಡಸರಲ್ಲಿ ಇದು ಹೆಚ್ಚು. ನಿಮ್ಮ ಖೋಲಿಯಲ್ಲಿಯೂ ಹಿರಿಯರೊಬ್ಬರು ನಿದ್ದೆಯಲ್ಲಿ ಪದೇ ಪದೇ ಒದ್ದಾಡಿ ಪಕ್ಕದವರಿಗೆ ಪೆಟ್ಟು ಕೊಡುತ್ತಿದ್ದರೆ ಹಾಸ್ಯ ಮಾಡದೆ ನರರೋಗದ ವೈದ್ಯರಿಗೆ ತೋರಿಸಬೇಕು. ಮುಂದೆ ಬರಬಹುದಾದ ನಡುಕದ ಕಾಯಿಲೆಗೆ ಅದು ಕೆಲವರಲ್ಲಿ ಮುನ್ಸೂಚನೆಯಾಗಿರುತ್ತದೆ.

ಕೌದಿಯೇ ಏಕೆ, ಕೆಳಗೆ ಜಾಗವಿಲ್ಲವೆ ಎಂಬುದು ಓದುಗರ ಇನ್ನೊಂದು ದೂರು. ಬೆಕ್ಕಿನ ಮೈ ನಮ್ಮದಕ್ಕಿಂತ ಬಿಸಿ; ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಅದು ಒಣ ಬಯಲಿನ ಮೂಲದ ಪ್ರಾಣಿ. ನಮಗೆ ಸೆಖೆ ಎನಿಸುವ 30 ಡಿಗ್ರಿ ಅದಕ್ಕೆ ಹಿತ ಶುರುವಾಗುವ ಮಟ್ಟ. ಅಜ್ಜಿಯ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಬಿಸಿಯನ್ನು ಹಿಡಿದಿಡುತ್ತದೆ. ಜೊತೆಗೆ ಅದರಲ್ಲಿ ನಿಮ್ಮ ಮೈವಾಸನೆ ಇರುತ್ತದೆ. ಆ ವಾಸನೆ ಇದ್ದಲ್ಲಿ ಭಯವಿಲ್ಲ ಎಂಬುದು ಬೆಕ್ಕಿನ ಲೆಕ್ಕ. ನಾವು ಬರೆಯುತ್ತಿರುವ ಖಾತೆವಹಿಯ ಮೇಲೆಯೇ ಬಂದು ಮಲಗುವುದೂ ಇದೇ ಕಾರಣಕ್ಕೆ. ತಿಂಗಳ ಕೊನೆಯಲ್ಲಿ ಇದು ತೊಂದರೆ ಹೌದು. ಪಕ್ಕದಲ್ಲಿ ಒಂದು ಖಾಲಿ ಪೆಟ್ಟಿಗೆಯಲ್ಲಿ ನಿಮ್ಮ ಹಳೆಯ ಬನಿಯನ್ ಹಾಕಿಟ್ಟರೆ ಎರಡು ಮೂರು ದಿನದಲ್ಲಿ ಅಲ್ಲಿಗೆ ಹೋಗುತ್ತದೆ. ಪೆಟ್ಟಿಗೆ ಸ್ವಲ್ಪ ಎತ್ತರದಲ್ಲಿದ್ದರೆ ಇನ್ನೂ ಒಳ್ಳೆಯದು.

ಮಲಗುವ ಭಂಗಿಯಿಂದ ಹವೆಯನ್ನೂ ತಿಳಿಯಬಹುದು. ಡಿಸೆಂಬರಿನ ಚಳಿಯಲ್ಲಿ ಮೂಗು ಬಾಲದಡಿ ಅಡಗಿಸಿ ಚಕ್ಕುಲಿಯಂತೆ ಸುತ್ತಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಹೈದರಾಬಾದಿನ ಉಷ್ಣತೆ 40 ಡಿಗ್ರಿ ದಾಟಿದಾಗ ಮೋರಿಯ ಕಲ್ಲಿನ ಮೇಲೆ ಉದ್ದಕ್ಕೆ ಚಾಚಿ ಬೀಳುತ್ತದೆ. ಬೆವರುವ ಗ್ರಂಥಿಗಳು ಅದಕ್ಕೆ ಹೆಚ್ಚಾಗಿ ಪಾದಗಳಲ್ಲಿ ಮಾತ್ರ. ಮೈಯನ್ನು ನೆಕ್ಕಿ ಆ ತೇವದಿಂದ ತಂಪು ಮಾಡಿಕೊಳ್ಳಬೇಕು. ತಗಡಿನ ಮಾಡಿನ ಖೋಲಿಯಲ್ಲಿ ಅದನ್ನು ಕೂಡಿಹಾಕಿ ಬೀಗ ಹಾಕಿಕೊಂಡು ಪಾಳಿಗೆ ಹೋಗುವವರು ಇದನ್ನು ಗಮನದಲ್ಲಿಡಬೇಕು. ಬೆಕ್ಕು ಬಾಯಿ ತೆರೆದು ನಾಯಿಯಂತೆ ತೇಕುತ್ತಿದ್ದರೆ ಅದು ನಿದ್ದೆಯಲ್ಲ, ಅಪಾಯ. ಕೂಡಲೇ ನೆರಳಿಗೆ ತಂದು ಒದ್ದೆ ಬಟ್ಟೆಯಿಂದ ಮೈ ಒರಸಬೇಕು. ಚಳಿಗಾಲದಲ್ಲಿ ಇನ್ನೊಂದು ಮಾತು, ಇದು ಲಾರಿ ಮತ್ತು ಆಟೋ ಓಡಿಸುವ ಬಂಧುಗಳಿಗೆ. ರಾತ್ರಿ ಬಿಸಿಯಾಗಿ ನಿಂತ ಇಂಜಿನಿನ ಸಂದಿನಲ್ಲಿ ಬೆಕ್ಕುಗಳು ಹೊಕ್ಕು ಮಲಗುತ್ತವೆ. ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮುಂಚೆ ಬಾನೆಟ್ಟಿನ ಮೇಲೆ ಎರಡು ಸಲ ಬಡಿಯಿರಿ.

ಈಗ ನಾಲ್ಕು ಗಂಟೆಯ ಉಪಾಯ. ಬೆಕ್ಕಿನ ದಿನಚರಿಯಲ್ಲಿ ಒಂದು ಕ್ರಮವಿದೆ: ಬೇಟೆ, ಊಟ, ಮೈ ನೆಕ್ಕುವುದು, ನಿದ್ದೆ. ಈ ಕ್ರಮವನ್ನು ನೀವು ಮಲಗುವ ಹೊತ್ತಿಗೆ ಹೊಂದಿಸಬೇಕು. ಮಲಗುವ ಅರ್ಧ ಗಂಟೆ ಮುಂಚೆ ಸುತಳಿಯ ತುದಿಗೆ ಬಟ್ಟೆಯ ಗಂಟು ಕಟ್ಟಿ ಹತ್ತು ಹದಿನೈದು ನಿಮಿಷ ಓಡಾಡಿಸಿರಿ. ಅದು ಹಾರಿ ಹಿಡಿದು ದಣಿಯಲಿ, ಕೊನೆಗೆ ಒಮ್ಮೆ ಹಿಡಿಯಲು ಬಿಡಿರಿ. ಆಟ ಮುಗಿದ ಮೇಲೆ ಸುತಳಿಯನ್ನು ಎತ್ತಿಡಿರಿ, ನುಂಗಿದರೆ ಕರುಳಿಗೆ ತೊಡಕು. ಆಮೇಲೆ ದಿನದ ದೊಡ್ಡ ಊಟವನ್ನು ಆಗಲೇ ಹಾಕಿರಿ. ಹಾಲನ್ನ ಮಾತ್ರ ಸಾಲದು. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಅರಗುವುದಿಲ್ಲ, ಮತ್ತು ಅದರ ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಎಂಬ ಸತ್ವ ಮಾಂಸ ಮೀನುಗಳಲ್ಲಿ ಇರುವುದೇ ಹೊರತು ಅನ್ನದಲ್ಲಿಲ್ಲ. ಖೋಲಿಯಲ್ಲಿ ಮಾಂಸ ತರದವರು ಅಂಗಡಿಯಲ್ಲಿ ಸಿಗುವ ಬೆಕ್ಕಿನ ಒಣ ಆಹಾರವನ್ನು ಹಾಕಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು, ನಸುಕಿನಲ್ಲಿ ಅದು ಕೂಗಿದಾಗ ಏಳಬಾರದು, ಬೈಯಲೂ ಬಾರದು, ಅನ್ನವನ್ನಂತೂ ಹಾಕಲೇಬಾರದು. ನಾಲ್ವರಲ್ಲಿ ಒಬ್ಬರು ಕನಿಕರದಿಂದ ಒಂದು ತುತ್ತು ಹಾಕಿದರೂ, ಕೂಗಿದರೆ ಊಟ ಬರುತ್ತದೆ ಎಂದು ಅದು ಖಾತೆಯಲ್ಲಿ ಬರೆದುಕೊಳ್ಳುತ್ತದೆ. ಮೊದಲ ಕೆಲವು ದಿನ ಕೂಗು ಹೆಚ್ಚಾಗುವುದುಂಟು. ಎರಡು ವಾರ ನಾಲ್ವರೂ ಒಂದೇ ಮಾತಿನಲ್ಲಿ ನಿಂತರೆ ಇಳಿಯುತ್ತದೆ. ಬೆದೆಗೆ ಬಂದ ಬೆಕ್ಕಿನ ಕೂಗು ಮಾತ್ರ ಬೇರೆ. ಅದಕ್ಕೆ ಪಶುವೈದ್ಯರಲ್ಲಿ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸುವುದೇ ಪರಿಹಾರ. ರಾತ್ರಿಪಾಳಿಯವರಿಗೆ ಈ ಎಲ್ಲ ಉಪಾಯವೂ ಸುಲಭ. ಅವರು ಬೆಳಿಗ್ಗೆ ಬಂದು ಊಟ ಹಾಕಿ ಮಲಗಿದರೆ ಬೆಕ್ಕೂ ಪಕ್ಕದಲ್ಲೇ ಮಲಗುತ್ತದೆ. ಆದರೆ ಬೆಕ್ಕನ್ನು ನೋಡಿ ತಾವೂ ಚಿಲ್ಲರೆ ನಿದ್ದೆಗೆ ಇಳಿಯಬಾರದು. ಮನುಷ್ಯನ ಮೈಗೆ ಏಳೆಂಟು ಗಂಟೆಯ ಇಡಿಯ ನಿದ್ದೆಯೇ ಬೇಕು. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿಯಾದರೂ ಅದನ್ನು ಪಡೆಯಬೇಕು.

ಚೀಲದ ವಿಚಾರಕ್ಕೆ ಬರೋಣ. ಬೆಕ್ಕು ಜನಕ್ಕಿಂತ ಜಾಗಕ್ಕೆ ಹೆಚ್ಚು ಅಂಟಿಕೊಳ್ಳುವ ಪ್ರಾಣಿ. ಗುರುತಿಲ್ಲದ ಕಡೆ ಬಿಟ್ಟರೆ ಅಲ್ಲಿಯ ಬೆಕ್ಕುಗಳೂ ನಾಯಿಗಳೂ ಅದನ್ನು ನಿಲ್ಲಗೊಡುವುದಿಲ್ಲ. ಹಿಂತಿರುಗಿ ಬರಲು ಹೊರಟರೆ ರಸ್ತೆಯ ಗಾಡಿಗಳು. ಹಸಿವು ನೀರಡಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆದುಬಿಡುವುದು 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಸಾಕಲು ನಿಜವಾಗಿಯೂ ಆಗದಿದ್ದರೆ ಇಲಿಯ ಕಾಟವಿರುವ ಅಂಗಡಿಯವರನ್ನೊ ಗಿರಣಿಯವರನ್ನೊ ಕೇಳಿ, ಅವರು ಒಪ್ಪಿ ಕೈಯಲ್ಲಿ ತೆಗೆದುಕೊಂಡರೆ ಕೊಡಬಹುದು.

ಯಾವ ನಿದ್ದೆ ಸಹಜವೆಂದು ಇಷ್ಟು ದೀರ್ಘವಾಗಿ ಬರೆಯಲು ಇನ್ನೊಂದು ಕಾರಣವಿದೆ. ಸಹಜವಾದದ್ದು ಗೊತ್ತಿದ್ದರೆ ಮಾತ್ರ ರೋಗ ಗೊತ್ತಾಗುತ್ತದೆ. ನಮ್ಮ ಗಿರಣಿಯ ಹಿಂದಿನ ಓಣಿಯ ಖೋಲಿಯೊಂದರಲ್ಲಿ ಬೂದುಬಣ್ಣದ ಒಂದು ಬೆಕ್ಕು ಇತ್ತು. ಎರಡು ದಿನ ಮಂಕಾಗಿ ಮಲಗಿದ್ದನ್ನು ಕಂಡು, ಅಲ್ಲಿಯ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಜ್ವರದ ಮಾತ್ರೆಯನ್ನು ಅರೆದು ಹಾಲಿನಲ್ಲಿ ಕುಡಿಸಿದರು. ಮರುದಿನ ಮುಖ ಬಾತು, ವಸಡು ಕಂದುಗಟ್ಟಿ, ಸಂಜೆಯ ಹೊತ್ತಿಗೆ ಅದು ಸತ್ತಿತು. ನಮಗೆ ಜ್ವರ ಇಳಿಸುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಕೋಶಕ್ಕೆ, ಅಂದರೆ ಲಿವರಿಗೆ, ಇಲ್ಲ. ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ಮನುಷ್ಯರ ಯಾವ ಮಾತ್ರೆಯನ್ನೂ ಬೆಕ್ಕಿಗೆ ಕೊಡಕೂಡದು.

ಹಾಗಾದರೆ ಯಾವುದನ್ನು ಕಂಡು ಎಚ್ಚರಗೊಳ್ಳಬೇಕು? ಎಷ್ಟು ಗಂಟೆ ಮಲಗಿತು ಎಂಬುದಕ್ಕಿಂತ ಹೇಗೆ ಬದಲಾಯಿತು ಎಂಬುದನ್ನು ನೋಡಬೇಕು. ಯಾವಾಗಲೂ ಕೌದಿಯ ಮೇಲೆ ಮಲಗುತ್ತಿದ್ದ ಬೆಕ್ಕು ಟ್ರಂಕಿನ ಹಿಂದೆ ಕತ್ತಲೆಯಲ್ಲಿ ಅಡಗಿ ಕುಳಿತರೆ, ತಟ್ಟೆಯ ಸಪ್ಪಳಕ್ಕೂ ಏಳದಿದ್ದರೆ, ಮೈ ನೆಕ್ಕುವುದನ್ನು ಬಿಟ್ಟು ಕೂದಲು ಜಡೆಗಟ್ಟಿದರೆ, ಎಚ್ಚರವಿದ್ದಾಗಲೂ ಕಣ್ಣಿನ ಒಳಮೂಲೆಯಿಂದ ಬಿಳಿಯ ಪೊರೆ ಮೇಲೆ ಬಂದು ನಿಂತಿದ್ದರೆ ಅದು ನಿದ್ದೆಯಲ್ಲ. ಒಂದು ಹಗಲು ಒಂದು ರಾತ್ರಿ ಏನೂ ತಿನ್ನದಿದ್ದರೆ ಇನ್ನು ಕಾಯಬಾರದು. ಗಂಡುಬೆಕ್ಕು ಮೂತ್ರಕ್ಕೆ ಕುಳಿತು ಕುಳಿತು ಹನಿಯೂ ಬಾರದೆ ಮುಲುಗುತ್ತಿದ್ದರೆ ಅದೇ ದಿನವೇ ಒಯ್ಯಬೇಕು. ಮುದಿ ಬೆಕ್ಕು ಹಗಲು ಮಲಗಿ ರಾತ್ರಿ ಗೋಡೆ ನೋಡುತ್ತ ಕೂಗತೊಡಗಿದರೆ, ಕಿವಿ ಮಂದವಾಗಿರುವುದೋ ಒಳಗಿನ ಬೇರೆ ರೋಗವೋ ಎಂದು ವೈದ್ಯರೇ ನೋಡಿ ಹೇಳಬೇಕು. ನಾರಾಯಣಗುಡದಲ್ಲಿ ಸರ್ಕಾರಿ ಪಶುವೈದ್ಯ ಆಸ್ಪತ್ರೆ ಇದೆ. ರಂಧ್ರಗಳಿರುವ ಬುಟ್ಟಿಯಲ್ಲಿ ಬಟ್ಟೆ ಹಾಸಿ, ಮೇಲೆ ಮುಚ್ಚಿ ಕಟ್ಟಿ ಒಯ್ದರೆ ದಾರಿಯಲ್ಲಿ ಗಾಬರಿಯಾಗುವುದಿಲ್ಲ.

ಕಾಯಿಲೆಯ ಬೆಕ್ಕನ್ನು ಹಿಡಿಯುವಾಗ ಕಚ್ಚಿಸಿಕೊಂಡರೆ ಅಥವಾ ಪರಚಿಸಿಕೊಂಡರೆ ಅರಿಸಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಮೆತ್ತಬೇಡಿ. ಹುಚ್ಚುನಾಯಿ ರೋಗ ಬೆಕ್ಕಿನಿಂದಲೂ ಬರುತ್ತದೆ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಗಾಯವನ್ನು ಹದಿನೈದು ನಿಮಿಷ ತೊಳೆದು ಅದೇ ದಿನ ಲಸಿಕೆಗೆ ಹೋಗಬೇಕು. ನಾರಾಯಣಗುಡದಲ್ಲಿಯೇ ಇರುವ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್ ಈ ಲಸಿಕೆಗೆ ಹೆಸರಾದ ಸರ್ಕಾರಿ ಸಂಸ್ಥೆ. ಒಂದು ಸೂಜಿಗೆ ನಿಲ್ಲಿಸದೆ, ಅವರು ಬರೆದುಕೊಟ್ಟ ತಾರೀಖುಗಳಂದು ತಪ್ಪದೆ ಹೋಗಿ ಎಲ್ಲವನ್ನೂ ಹಾಕಿಸಿಕೊಳ್ಳಬೇಕು. ಪಾಳಿ ಇದ್ದರೆ ಆ ಚೀಟಿಯನ್ನೇ ತೋರಿಸಿ ಮೇಸ್ತ್ರಿಯವರಲ್ಲಿ ರಜೆ ಕೇಳಿರಿ.